ಲೆಕ್ಕ ಕೇಳುವವರು ಒಬ್ಬರಿದ್ದರೆ ಹಿಡಿದ ಕೆಲಸ ಯಾಕೆ ಮುಂದೆ ಸಾಗುತ್ತದೆ?

ಕಳೆದ ಜನವರಿಯಲ್ಲಿ ಡಾಕ್ಟರು ನನ್ನ ರಿಪೋರ್ಟ್ ನೋಡಿ, 'ಸಕ್ಕರೆ ಗಡಿಯಲ್ಲಿದೆ, ದಿನಾ ಮುಕ್ಕಾಲು ಗಂಟೆ ನಡೀರಿ' ಅಂದರು. ಅವತ್ತು ಸಂಜೆಯೇ ಶೂ ತಂದೆ. ಅಲಾರಂ ಇಟ್ಟೆ. ಹೆಜ್ಜೆ ಎಣಿಸುವ ಆ್ಯಪ್ ಹಾಕಿಕೊಂಡೆ. ಹನ್ನೊಂದು ದಿನ ನಡೆದೆ. ಹನ್ನೆರಡನೇ ದಿನ ಚಳಿ ಜಾಸ್ತಿ ಇತ್ತು. ಹದಿಮೂರನೇ ದಿನ ರಾತ್ರಿ ಮಲಗಿದ್ದು ತಡವಾಗಿತ್ತು. ಆಮೇಲೆ ನಿಂತೇ ಹೋಯಿತು.

ಫೆಬ್ರವರಿಯಲ್ಲಿ ಮೇಲಿನ ಮನೆಯ ಟೀಚರಮ್ಮ ಮೆಟ್ಟಿಲ ಹತ್ತಿರ ಸಿಕ್ಕರು. ಅವರು ನಿವೃತ್ತರಾಗಿ ಐದಾರು ವರ್ಷವಾಗಿದೆ. ಮೊಣಕಾಲು ಹಿಡಿದುಕೊಳ್ಳುತ್ತೆ ಅಂತ ಅವರಿಗೂ ನಡಿಗೆ ಬೇಕಿತ್ತು. 'ನಾಳೆ ಬೆಳಗ್ಗೆ 5:45ಕ್ಕೆ ಗೇಟ್ ಹತ್ತಿರ ಇರ್ತೀನಿ' ಅಂದರು, ಅಷ್ಟೇ. ಮರುದಿನ ಅಲಾರಂ ಹೊಡೆದಾಗ ಅದೇ ಚಳಿ, ಅದೇ ಕಂಬಳಿ. ಆದರೆ ಕಿಟಕಿಯಿಂದ ಕೆಳಗೆ ನೋಡಿದರೆ ಟೀಚರಮ್ಮ ತಲೆಗೆ ಮಫ್ಲರ್ ಸುತ್ತಿಕೊಂಡು, ಕೈಯಲ್ಲಿ ಟಾರ್ಚ್ ಹಿಡಿದು ನಿಂತಿದ್ದರು. ನಾನು ಇಳಿದು ಹೋದೆ. ಅವತ್ತಿನಿಂದ ತಪ್ಪಿದ ದಿನಗಳನ್ನು ಬೆರಳಲ್ಲಿ ಎಣಿಸಬಹುದು.

ಶೂ ಅದೇ, ರಸ್ತೆ ಅದೇ, ಕಾಲೂ ಅದೇ. ಹೊಸದಾಗಿ ಬಂದಿದ್ದು ಗೇಟಿನ ಬಳಿ ನಿಂತ ಒಂದು ಜೀವ ಮಾತ್ರ.

ಈಚೆಗೆ ಈ ವಿಷಯ ಎಲ್ಲೆಡೆ ಕಿವಿಗೆ ಬೀಳುತ್ತಿದೆ. ಬಡಾವಣೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ದಿನದ ಹೆಜ್ಜೆ ಲೆಕ್ಕದ ಫೋಟೋ ಹಾಕುತ್ತಾರೆ. ಸರ್ಕಾರಿ ಪರೀಕ್ಷೆಗೆ ಓದುವ ಹುಡುಗರು ಲೈಬ್ರರಿಯಲ್ಲಿ ಜೋಡಿ ಮಾಡಿಕೊಂಡು ಕೂರುತ್ತಾರೆ. ಆಫೀಸಿನವರು 'ಅಕೌಂಟಬಿಲಿಟಿ ಪಾರ್ಟ್‌ನರ್' ಅನ್ನುತ್ತಾರೆ. ಇದು ನಿಜವಾಗಿ ಕೆಲಸ ಮಾಡುತ್ತದಾ? ಮಾಡಿದರೆ ಹೇಗೆ? ಯಾವಾಗ ಕೈ ಕೊಡುತ್ತದೆ? ಒಂದೊಂದಾಗಿ ನೋಡೋಣ.

## ಲೆಕ್ಕ ಒಪ್ಪಿಸುವುದು ಅಂದರೆ

ಅಕೌಂಟಬಿಲಿಟಿ ಎಂಬ ಪದಕ್ಕೆ ಪತ್ರಿಕೆಗಳಲ್ಲಿ ಉತ್ತರದಾಯಿತ್ವ, ಹೊಣೆಗಾರಿಕೆ ಅಂತ ಬರೆಯುತ್ತಾರೆ. ಮನೆಮಾತಿನಲ್ಲಿ ಇದಕ್ಕಿಂತ ಹತ್ತಿರದ ಮಾತು ಇದೆ: ಲೆಕ್ಕ ಒಪ್ಪಿಸುವುದು.

ಮಗುವಿನ ಕೈಗೆ ನೂರು ರೂಪಾಯಿ ಕೊಟ್ಟು ಅಂಗಡಿಗೆ ಕಳಿಸುತ್ತೇವೆ. ಬಂದ ಮೇಲೆ 'ಸಕ್ಕರೆಗೆ ಇಷ್ಟು, ಕೊತ್ತಂಬರಿಗೆ ಇಷ್ಟು, ಉಳಿದದ್ದು ಇಷ್ಟು' ಅಂತ ಮಗು ಹೇಳುತ್ತದೆ. ಮನೆಗೆ ಹೋದರೆ ಲೆಕ್ಕ ಕೇಳುತ್ತಾರೆ ಅಂತ ಅದಕ್ಕೆ ಗೊತ್ತು. ಹಾಗಾಗಿ ದಾರಿಯಲ್ಲಿ ಚಾಕೊಲೇಟ್ ಕಂಡರೂ ಒಂದು ಕ್ಷಣ ನಿಂತು ಯೋಚಿಸುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಲೆಕ್ಕ ಕೇಳುವುದು ಆಮೇಲೆ. ಅದರ ಪರಿಣಾಮ ಮಾತ್ರ ಮೊದಲೇ, ಅಂಗಡಿಯ ಮುಂದೆಯೇ ಆಗಿಬಿಡುತ್ತದೆ.

ನಮ್ಮ ಸ್ವಂತ ಗುರಿಗಳಿಗೂ ಇದೇ ಏರ್ಪಾಡು. ಅದಕ್ಕೆ ಮೂರು ಬೇಕು. ಹೌದು ಅಥವಾ ಇಲ್ಲ ಅಂತ ಉತ್ತರ ಹೇಳಬಹುದಾದ ಒಂದು ಕೆಲಸ. ಅದನ್ನು ಕೇಳುವ ಒಬ್ಬ ಮನುಷ್ಯ. ಕೇಳುವುದಕ್ಕೆ ಒಂದು ಗೊತ್ತಾದ ಹೊತ್ತು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಅದು ಬರೀ ಮಾತುಕತೆಯಾಗುತ್ತದೆ.

ಇದನ್ನು ಹುರಿದುಂಬಿಸುವುದರ ಜೊತೆ ಕಲಸಬಾರದು. 'ನಿನ್ನ ಕೈಲಿ ಆಗುತ್ತೆ ಕಣೋ' ಅನ್ನುವುದು ಪ್ರೋತ್ಸಾಹ. 'ಇವತ್ತು ಮಾಡಿದ್ಯಾ?' ಅನ್ನುವುದು ಲೆಕ್ಕ. ಅಪ್ಪಣೆಯ ಜೊತೆಗೂ ಕಲಸಬಾರದು. ಆಫೀಸಿನಲ್ಲಿ ಮೇಲಿನವರು ಕೇಳುವ ಲೆಕ್ಕದಲ್ಲಿ ಗುರಿ ಅವರದು. ಇಲ್ಲಿ ಗುರಿ ನಮ್ಮದೇ. ಕೇಳುವ ಹಕ್ಕನ್ನು ನಾವೇ ಇನ್ನೊಬ್ಬರಿಗೆ ಕೊಟ್ಟಿರುತ್ತೇವೆ. ಬೇಡ ಅನ್ನಿಸಿದಾಗ ಅದನ್ನು ವಾಪಸ್ ಪಡೆಯಬಹುದು.

## ಗೊತ್ತಿದ್ದೂ ಯಾಕೆ ಮಾಡುವುದಿಲ್ಲ?

ಸೋಮಾರಿತನ ಅಂತ ಬೈದುಕೊಂಡು ಸುಮ್ಮನಾಗುವವರೇ ಜಾಸ್ತಿ. ಆದರೆ ಬೆಳಗಿನಿಂದ ರಾತ್ರಿವರೆಗೆ ಮೈ ಮುರಿದು ದುಡಿಯುವವರೂ ತಮ್ಮ ಸ್ವಂತದ ಒಂದು ಸಣ್ಣ ನಿರ್ಧಾರವನ್ನು ಉಳಿಸಿಕೊಳ್ಳಲು ಒದ್ದಾಡುತ್ತಾರೆ. ಕಾರಣ ಬೇರೆ ಇದೆ.

ಮುಂದಿನ ತಿಂಗಳು ಒಂದು ಮದುವೆ ಇದೆ ಅನ್ನಿ. 'ಅಲ್ಲಿ ಸಿಹಿ ತಿನ್ನುತ್ತೀರಾ?' ಅಂತ ಇವತ್ತು ಕೇಳಿದರೆ, 'ಇಲ್ಲಪ್ಪ, ಬಿಟ್ಟಿದ್ದೇನೆ' ಅನ್ನುತ್ತೇವೆ. ಮನಸ್ಸಿನಿಂದಲೇ ಹೇಳಿರುತ್ತೇವೆ. ಆದರೆ ಬಾಳೆಲೆ ಮುಂದೆ ಕೂತಾಗ, ಬಿಸಿ ಹೋಳಿಗೆ ಮೇಲೆ ತುಪ್ಪ ಬೀಳುವಾಗ, ತೀರ್ಮಾನ ಮಾಡುವುದು ಬೇರೆಯದೇ ಮನಸ್ಸು. ಅದಕ್ಕೆ ಹೋಳಿಗೆ ಕಣ್ಣೆದುರಿಗಿದೆ. ಸಕ್ಕರೆ ರಿಪೋರ್ಟ್ ಇನ್ನೂ ಮೂರು ತಿಂಗಳು ದೂರ.

ಕೈಗೆಟುಕುವ ಸುಖ ದೊಡ್ಡದಾಗಿ, ದೂರದ ಲಾಭ ಚಿಕ್ಕದಾಗಿ ಕಾಣುವ ಈ ಗುಣಕ್ಕೆ ಅರ್ಥಶಾಸ್ತ್ರದವರು 'ಪ್ರೆಸೆಂಟ್ ಬಯಾಸ್' ಅನ್ನುತ್ತಾರೆ. 'ಇವತ್ತಿನ ಕಡೆಗೆ ವಾಲುವುದು' ಅಂತ ನಾವು ಕರೆಯೋಣ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುವ ಗಾದೆಯಲ್ಲಿ ಇದರ ಅರ್ಧ ಕಥೆ ಇದೆ. ನಾಳೆಯಿಂದ ಮಾಡುವ ಕೆಲಸ ಯಾವಾಗಲೂ ಸುಲಭ. ಆ ನಾಳೆ ಇವತ್ತಾಗಿ ಬಂದಾಗಲೇ ಕಲ್ಲುಮುಳ್ಳು ಕಾಣುವುದು.

ಲೆಕ್ಕ ಕೇಳುವವರು ಬಂದರೆ ಈ ತಕ್ಕಡಿ ಬದಲಾಗುತ್ತದೆ. ನಡೆಯದಿದ್ದರೆ ಆಗುವ ನಷ್ಟ ಮೊದಲು ಮೂರು ತಿಂಗಳ ಆಚೆ ಇತ್ತು. ಈಗ ಅದರಲ್ಲಿ ಒಂದು ಪಾಲು ಇವತ್ತು ಬೆಳಗ್ಗೆ 5:45ಕ್ಕೇ ಬಂದು ನಿಂತಿದೆ. ಚಳಿಯಲ್ಲಿ ಕಾಯುತ್ತಿರುವವರಿಗೆ ಏನು ಹೇಳಲಿ? ಕಂಬಳಿಯ ಸುಖವೂ ಇವತ್ತಿನದೇ, ಮುಜುಗರವೂ ಇವತ್ತಿನದೇ. ಈಗ ತೂಕ ಸರಿಸಮ.

## ಕರ್ನಾಟಕದ 60 ಹಳ್ಳಿಗಳಲ್ಲಿ ನಡೆದ ಪ್ರಯೋಗ

ಇದು ಬರೀ ಅನಿಸಿಕೆಯಾ, ಅಳೆದು ನೋಡಿದವರಿದ್ದಾರಾ ಅಂತ ಕೇಳಬಹುದು. ಇದ್ದಾರೆ. ಅಳೆದದ್ದು ನಮ್ಮ ರಾಜ್ಯದಲ್ಲೇ.

ಎಮಿಲಿ ಬ್ರೆಜಾ ಮತ್ತು ಅರುಣ್ ಚಂದ್ರಶೇಖರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಕರ್ನಾಟಕದ ಗ್ರಾಮೀಣ ಭಾಗದ 60 ಹಳ್ಳಿಗಳಲ್ಲಿ ಉಳಿತಾಯದ ಬಗ್ಗೆ ಒಂದು ಪ್ರಯೋಗ ಮಾಡಿದರು. ಅದರ ಫಲಿತಾಂಶ 2019ರಲ್ಲಿ 'ಇಕನಾಮೆಟ್ರಿಕಾ' ಎಂಬ ಸಂಶೋಧನಾ ಪತ್ರಿಕೆಯಲ್ಲಿ ಬಂತು. ಏರ್ಪಾಡು ಸರಳ. ಹಳ್ಳಿಯವರು ಆರು ತಿಂಗಳಲ್ಲಿ ಎಷ್ಟು ಹಣ ಉಳಿಸುತ್ತೇನೆ ಅಂತ ತಾವೇ ಒಂದು ಗುರಿ ಇಟ್ಟುಕೊಂಡರು. ಮುಟ್ಟದಿದ್ದರೆ ದಂಡ ಇಲ್ಲ. ಕೆಲವರಿಗೆ ಮಾತ್ರ ಅದೇ ಊರಿನ ಒಬ್ಬರನ್ನು ಜೊತೆ ಮಾಡಿದರು. ಆ ಒಬ್ಬರನ್ನು 'ಮಾನಿಟರ್' ಅಂತ ಕರೆದರು. ಶಾಲೆಯಲ್ಲಿ ಕ್ಲಾಸ್ ಮಾನಿಟರ್ ಇರುವುದಿಲ್ವಾ, ಹಾಗೆ. ಆದರೆ ಇವರು ಬೈಯುವವರಲ್ಲ, ಹೊಡೆಯುವವರಲ್ಲ. ಉಳಿತಾಯ ಎಲ್ಲಿಯವರೆಗೆ ಬಂತು ಎಂಬ ಸುದ್ದಿ ಆಗಾಗ ಇವರಿಗೆ ತಲುಪುತ್ತಿತ್ತು, ಅಷ್ಟೇ. ಅರ್ಧದಷ್ಟು ಹಳ್ಳಿಗಳಲ್ಲಿ ಯಾರಿಗೆ ಯಾರು ಮಾನಿಟರ್ ಎಂಬುದನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರು. ಹಾಗಾಗಿ ಅಲ್ಲಿ ಶಿಸ್ತಿನವರೇ ಹೋಗಿ ಮಾನಿಟರ್ ಹುಡುಕಿಕೊಂಡರು ಅಂತ ಹೇಳಲು ಬರುವುದಿಲ್ಲ.

ಆ ಹಳ್ಳಿಗಳಲ್ಲಿ ಮಾನಿಟರ್ ಇದ್ದವರ ಒಟ್ಟು ಉಳಿತಾಯ, ಇಲ್ಲದವರಿಗಿಂತ ಸರಾಸರಿ ಶೇ 36ರಷ್ಟು ಹೆಚ್ಚಾಗಿತ್ತು.

ಅನಗತ್ಯ ಖರ್ಚು ಕಡಿಮೆ ಮಾಡಿ, ಜಾಸ್ತಿ ದುಡಿದು ಅವರು ಆ ಹಣ ಹೊಂದಿಸಿದ್ದರು. ಇನ್ನೊಬ್ಬರಿಗೆ ಸುದ್ದಿ ತಲುಪುತ್ತದೆ ಎಂಬ ಒಂದೇ ಎಳೆ ಮನುಷ್ಯನನ್ನು ಇಷ್ಟು ದೂರ ಕರೆದುಕೊಂಡು ಹೋಗುತ್ತದೆ. ಇದನ್ನು ಮೊದಲ ಸಲ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ನನಗೆ ಇನ್ನೂ ಮುಖ್ಯ ಅನ್ನಿಸಿದ್ದು ಮುಂದಿನ ವಿಷಯ. ಎಲ್ಲ ಮಾನಿಟರ್‌ಗಳ ಪರಿಣಾಮ ಒಂದೇ ಸಮ ಇರಲಿಲ್ಲ. ಈ ಸಂಶೋಧಕರ ಬಳಿ ಆ ಹಳ್ಳಿಗಳ ಒಡನಾಟದ ನಕ್ಷೆಯೇ ಇತ್ತು. ಯಾರು ಯಾರ ಮನೆಗೆ ಹೋಗಿ ಬರುತ್ತಾರೆ, ಸೀಮೆಎಣ್ಣೆ ಅಕ್ಕಿ ಬೇಕಾದಾಗ ಯಾರ ಮನೆಯಲ್ಲಿ ಕೇಳುತ್ತಾರೆ, ಗುಡಿಗೋ ಮಸೀದಿಗೋ ಚರ್ಚಿಗೋ ಯಾರ ಜೊತೆ ಹೋಗುತ್ತಾರೆ, ಕಷ್ಟಕ್ಕೆ ಯಾರ ಸಲಹೆ ಕೇಳುತ್ತಾರೆ ಎಂಬುದನ್ನೆಲ್ಲ ಮೊದಲೇ ಮನೆಮನೆಗೆ ಹೋಗಿ ಕೇಳಿ ಬರೆದಿದ್ದರು. ಅದರ ಜೊತೆ ಇಟ್ಟು ನೋಡಿದಾಗ ಎರಡು ಸಂಗತಿ ಕಂಡವು. ಊರಿನಲ್ಲಿ ಹೆಚ್ಚು ಜನರ ಸಂಪರ್ಕ ಇರುವವರು ಮಾನಿಟರ್ ಆಗಿದ್ದರೆ ಉಳಿತಾಯ ಇನ್ನೂ ಜಾಸ್ತಿ. ಉಳಿಸುವವರ ಬಳಗಕ್ಕೆ ಹತ್ತಿರದವರು ಮಾನಿಟರ್ ಆಗಿದ್ದರೂ ಜಾಸ್ತಿ.

ಯಾಕೆ? ಸುದ್ದಿ ಅವರಲ್ಲೇ ನಿಲ್ಲುವುದಿಲ್ಲವಲ್ಲ. ಶೇ 63ರಷ್ಟು ಮಾನಿಟರ್‌ಗಳು ತಮಗೆ ಗೊತ್ತಾದ ವಿಷಯವನ್ನು ಬೇರೆಯವರಿಗೂ ಹೇಳಿದ್ದರು. ಪ್ರಯೋಗ ಮುಗಿದು 15 ತಿಂಗಳಾದ ಮೇಲೆ ಊರವರನ್ನು ಕೇಳಿದಾಗಲೂ, ಗುರಿ ಮುಟ್ಟಿದವರ ಬಗ್ಗೆ 'ಜವಾಬ್ದಾರಿ ಇರುವ ಮನುಷ್ಯ' ಎಂಬ ಅಭಿಪ್ರಾಯ ಬೆಳೆದಿತ್ತು. ಮುಟ್ಟದವರ ಬಗ್ಗೆ ಆ ಅಭಿಪ್ರಾಯ ಕುಗ್ಗಿತ್ತು. ನಾಳೆ ಒಬ್ಬರ ಹತ್ತಿರ ಸಾಲ ಕೇಳಬೇಕು, ಮಗಳ ಮದುವೆಗೆ ನೆರವು ಬೇಕು, ಹೊಲದ ಕೆಲಸಕ್ಕೆ ಜೊತೆ ಬೇಕು. ಅಲ್ಲೆಲ್ಲ ಈ ಹೆಸರು ಬೇಕಾಗುತ್ತದೆ. 'ನಾಲ್ಕು ಜನ ಏನಂತಾರೆ' ಎಂಬ ಮಾತನ್ನು ನಾವು ಸುಲಭವಾಗಿ ಹಳಿಯುತ್ತೇವೆ. ಹಳ್ಳಿಯ ಬದುಕಿನಲ್ಲಿ ಆ ನಾಲ್ಕು ಜನರ ಅಭಿಪ್ರಾಯ ಒಂದು ಬಗೆಯ ಆಸ್ತಿ.

## ಜಮಖಾನದ ಮೇಲೆ ಇಟ್ಟ ದುಡ್ಡು

ಪ್ರಯೋಗ ಹೇಳಿದ್ದನ್ನು ನಮ್ಮ ಹೆಂಗಸರು ಅದಕ್ಕೂ ಎಷ್ಟೋ ಮೊದಲು ಮಾಡಿ ತೋರಿಸಿದ್ದಾರೆ. ಅಜ್ಜಿಯ ಊರಿನಲ್ಲಿ ನಾನು ಒಂದು ಸ್ವಸಹಾಯ ಸಂಘದ ವಾರದ ಸಭೆ ನೋಡಿದ್ದೇನೆ. ಅಂಗನವಾಡಿಯ ಜಗಲಿ. ಹಾಸಿದ ಜಮಖಾನ. ಸುತ್ತ ಹದಿನೈದು ಹೆಂಗಸರು. ನಡುವೆ ಒಂದು ತಗಡಿನ ಪೆಟ್ಟಿಗೆ, ರಟ್ಟು ಹಾಕಿದ ಉದ್ದನೆಯ ಪುಸ್ತಕ. ಬರೆಯುವಾಕೆ ಒಬ್ಬೊಬ್ಬರ ಹೆಸರು ಕೂಗುತ್ತಿದ್ದಳು. ಕೂಗಿದವರು ಸೆರಗಿನ ಗಂಟು ಬಿಚ್ಚಿ ನೋಟು ತೆಗೆದು ಜಮಖಾನದ ಮೇಲೆ ಇಡುತ್ತಿದ್ದರು. ಅದನ್ನು ಎಲ್ಲರೆದುರು ಎಣಿಸಿ, ದೊಡ್ಡ ಪುಸ್ತಕದಲ್ಲೂ ಅವರವರ ಪಾಸ್ ಪುಸ್ತಕದಲ್ಲೂ ಬರೆಯುತ್ತಿದ್ದರು.

ಒಬ್ಬಾಕೆಯ ಹೆಸರು ಕೂಗಿದಾಗ ಆಕೆ ನೆಲ ನೋಡಿದಳು. 'ಈ ವಾರ ಮಗನಿಗೆ ಜ್ವರ' ಅಂದಳು. ಯಾರೂ ಬೈಯಲಿಲ್ಲ. ಪಕ್ಕದಾಕೆ 'ಈಗ ಹೆಂಗಿದಾನೆ?' ಅಂತ ಕೇಳಿದಳು. ಪುಸ್ತಕದಲ್ಲಿ ಬಾಕಿ ಅಂತ ಬರೆದರು. ಮುಂದಿನ ಹೆಸರು ಕೂಗಿದರು. ಲೆಕ್ಕವೂ ಆಯಿತು, ಕಕ್ಕುಲಾತಿಯೂ ಆಯಿತು. ಎರಡೂ ಒಂದೇ ಉಸಿರಿನಲ್ಲಿ.

ಈ ಸಂಘಗಳ ಹುಟ್ಟಿನಲ್ಲೂ ಕರ್ನಾಟಕದ ದೊಡ್ಡ ಪಾಲಿದೆ. 1980ರ ದಶಕದ ನಡುವೆ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ ಕೆಲವು ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದವು. ಆಡಳಿತದ ಮೇಲೆ ಸದಸ್ಯರಿಗೆ ನಂಬಿಕೆ ಹೋಗಿತ್ತು. ಪರಸ್ಪರ ನಂಬುವ ಜನ ಸಣ್ಣ ಸಣ್ಣ ಗುಂಪಾಗಿ ಬಂದು, 'ಸಾಲ ತೀರಿಸುತ್ತೇವೆ, ಆದರೆ ಆ ಸಂಘಕ್ಕಲ್ಲ' ಅಂದರು. 'ಹಾಗಾದರೆ ನಿಮ್ಮ ನಿಮ್ಮ ಗುಂಪಿಗೇ ತೀರಿಸಿ' ಎಂಬ ಉತ್ತರ ಬಂತು. ಗುಂಪುಗಳು ಗಟ್ಟಿಯಾದವು. 1992ರಲ್ಲಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ಆದ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆಯನ್ನು ಪರೀಕ್ಷೆಗಾಗಿ ಶುರು ಮಾಡಿತು. ಕರ್ನಾಟಕದ ಸ್ತ್ರೀಶಕ್ತಿ ಯೋಜನೆ ಬಂದದ್ದು 2000-01ರಲ್ಲಿ. ಒಂದು ಗುಂಪಿನಲ್ಲಿ ಹತ್ತರಿಂದ ಇಪ್ಪತ್ತು ಜನ ಅಷ್ಟೇ. ಎಲ್ಲರ ಮುಖ ಎಲ್ಲರಿಗೂ ಗೊತ್ತಿರುವ ಅಳತೆ ಅದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಗುಂಪು ಸಾಲದಲ್ಲಿ ಒಬ್ಬರು ಕಟ್ಟದಿದ್ದರೆ ಉಳಿದವರು ಕಟ್ಟಬೇಕು ಎಂಬ ನಿಯಮ ಎಷ್ಟೋ ಕಡೆ ಇರುತ್ತದೆ. ಜನ ಕಂತು ಕಟ್ಟುವುದು ಆ ನಿಯಮದ ಹೆದರಿಕೆಗಾ, ಅಥವಾ ಎಲ್ಲರೆದುರು ಕೂರುವ ಸಭೆಯ ಬಲದಿಂದಾ? ಫಿಲಿಪ್ಪೀನ್ಸ್ ದೇಶದ ಒಂದು ಬ್ಯಾಂಕಿನ ಜೊತೆ ಕ್ಸೇವಿಯರ್ ಜಿನೆ ಮತ್ತು ಡೀನ್ ಕಾರ್ಲನ್ ಇದನ್ನು ಪರೀಕ್ಷೆ ಮಾಡಿದರು. ಕೆಲವು ಗುಂಪುಗಳಲ್ಲಿ ಒಬ್ಬರ ಸಾಲಕ್ಕೆ ಇನ್ನೊಬ್ಬರು ಹೊಣೆ ಎಂಬ ನಿಯಮ ತೆಗೆದುಹಾಕಿದರು. ವಾರದ ಸಭೆ ಮಾತ್ರ ಹಾಗೇ ಮುಂದುವರಿಯಿತು. ಮೂರು ವರ್ಷವಾದರೂ ಸಾಲ ತಪ್ಪಿಸುವವರು ಹೆಚ್ಚಾಗಲಿಲ್ಲ. ಆ ಗುಂಪುಗಳ ಮಟ್ಟಿಗಂತೂ ಕಂತು ಬರುತ್ತಿದ್ದದ್ದು ಆ ನಿಯಮದ ಭಯಕ್ಕಲ್ಲ.

## 'ಸ್ವಾಮಿ' ಅಂತ ಕರೆಯುವ ಊರು

ಶಬರಿಮಲೆಗೆ ಮಾಲೆ ಹಾಕಿದವರನ್ನು ನೋಡಿ. 41 ದಿನದ ವ್ರತ. ವರ್ಷವಿಡೀ ಬೀಡಿ ಸಿಗರೇಟು ಬಿಡಲಾಗದವರು, ಕುಡಿತ ಬಿಡಲಾಗದವರು ಆ 41 ದಿನ ಮುಟ್ಟದೆ ಇರುವುದನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ಭಕ್ತಿ ಅದರ ಬೇರು. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಭಕ್ತಿಗೆ ಆಸರೆಯಾಗಿ ನಿಲ್ಲುವ ಏರ್ಪಾಡನ್ನೂ ಗಮನಿಸಿ. ಕೊರಳಲ್ಲಿ ಮಾಲೆ, ಮೈಮೇಲೆ ಕಪ್ಪು ಬಟ್ಟೆ, ಕಾಲಲ್ಲಿ ಚಪ್ಪಲಿ ಇಲ್ಲ. ಟೀ ಅಂಗಡಿಯವನು 'ಬನ್ನಿ ಸ್ವಾಮಿ' ಅನ್ನುತ್ತಾನೆ. ದಿನಾ ಸಿಗರೇಟು ಹಂಚಿಕೊಳ್ಳುತ್ತಿದ್ದ ಗೆಳೆಯನೂ 'ಸ್ವಾಮಿ' ಅಂತಲೇ ಕರೆದು ಪ್ಯಾಕೆಟ್ ಜೇಬಿಗೆ ಹಾಕಿಕೊಳ್ಳುತ್ತಾನೆ. ಸಂಜೆ ಗುರುಸ್ವಾಮಿಯ ಜೊತೆ ಭಜನೆ. ಇಡೀ ಬೀದಿಯೇ ಮಾನಿಟರ್.

ರಂಜಾನ್ ತಿಂಗಳ ಉಪವಾಸವೂ ಹೀಗೇ. ಮನೆಯವರೆಲ್ಲ ನಸುಕಿಗೆ ಒಟ್ಟಿಗೆ ಎದ್ದು ಉಣ್ಣುತ್ತಾರೆ, ಸಂಜೆ ಒಟ್ಟಿಗೆ ಉಪವಾಸ ಬಿಡುತ್ತಾರೆ. ಒಬ್ಬರೇ ಮಾಡಿದ್ದರೆ ಮೂರನೇ ದಿನಕ್ಕೆ ಭಾರ ಅನ್ನಿಸಬಹುದಾದ್ದನ್ನು ಬೀದಿಗೆ ಬೀದಿಯೇ ಹೊತ್ತಾಗ ತಿಂಗಳು ಪೂರ್ತಿ ಸಾಗುತ್ತದೆ.

ಎರಡರಲ್ಲೂ ಕಾಣುವುದು ಒಂದೇ. ನಿರ್ಧಾರ ಮನಸ್ಸಿನೊಳಗೆ ಮುಚ್ಚಿಕೊಂಡಿಲ್ಲ. ಹೊರಗೆ ಕಾಣುತ್ತದೆ. ಅದಕ್ಕೊಂದು ಕೊನೆಯ ದಿನವೂ ಇದೆ.

## ಎಲ್ಲರಿಗೂ ಹೇಳಿಬಿಟ್ಟರೆ ಸಾಕಾ?

ಸಾಲದು. ಹೆಚ್ಚಿನವರು ಎಡವುವುದು ಇಲ್ಲೇ. 'ಈ ವರ್ಷ ಹತ್ತು ಕೆಜಿ ಇಳಿಸ್ತೀನಿ' ಅಂತ ಸ್ಟೇಟಸ್ ಹಾಕುತ್ತೇವೆ. ನೂರು ಜನ ಹೆಬ್ಬೆರಳು ತೋರಿಸುತ್ತಾರೆ. ಖುಷಿಯಾಗುತ್ತದೆ. ಆ ಖುಷಿಯಲ್ಲೇ ಅಪಾಯ ಇದೆ.

ಪೀಟರ್ ಗೊಲ್‌ವಿಟ್ಜರ್ ಎಂಬ ಮನಃಶಾಸ್ತ್ರಜ್ಞ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದನ್ನೇ ನೋಡಿದರು. ಕಾನೂನು ಕಲಿಯುತ್ತಿದ್ದ ವಿದ್ಯಾರ್ಥಿಗಳು ಒಳ್ಳೆಯ ವಕೀಲರಾಗಲು ಏನು ಮಾಡುತ್ತೇವೆ ಅಂತ ಬರೆದರು. ಕೆಲವರ ಬರಹವನ್ನು ಇನ್ನೊಬ್ಬರು ಅವರೆದುರೇ ಓದಿ ಗಮನಿಸಿದರು. ಉಳಿದವರದ್ದನ್ನು ಯಾರೂ ನೋಡಲಿಲ್ಲ. ಆಮೇಲೆ ಕೆಲಸ ಕೊಟ್ಟಾಗ, ಗಮನ ಸಿಕ್ಕವರೇ ಕಡಿಮೆ ಹೊತ್ತು ದುಡಿದರು. ಅದೂ ವಕೀಲರಾಗಲೇಬೇಕು ಎಂಬ ಹಂಬಲ ಗಟ್ಟಿಯಾಗಿ ಇದ್ದವರು. 'ನಾನು ಇಂಥವನಾಗುತ್ತೇನೆ' ಅಂತ ಹೇಳಿ, ಎದುರಿನವರು ತಲೆಯಾಡಿಸಿದರೆ, ಅರ್ಧ ಆಗಿಯೇಬಿಟ್ಟೆ ಅಂತ ಮನಸ್ಸಿಗೆ ಅನ್ನಿಸುತ್ತದೆ ಎಂಬುದು ಅವರ ವಿವರಣೆ. ಊಟಕ್ಕೆ ಮೊದಲು ಬಜ್ಜಿ ತಿಂದು ಹಸಿವು ಸತ್ತ ಹಾಗೆ.

ಹಾಗಾದರೆ 60 ಹಳ್ಳಿಗಳಲ್ಲಿ ಫಲ ಸಿಕ್ಕಿದ್ದು ಹೇಗೆ? ಅಲ್ಲಿ ಮಾನಿಟರ್‌ಗೆ ತಲುಪುತ್ತಿದ್ದದ್ದು ಮುಂದೆ ಮಾಡುವ ಕೆಲಸದ ಮಾತಲ್ಲ, ಆಗಿರುವ ಕೆಲಸದ ಲೆಕ್ಕ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಘೋಷಣೆ ಬೇರೆ, ಲೆಕ್ಕ ಬೇರೆ. ಘೋಷಣೆ ಮಾಡುವುದು ಒಂದೇ ಸಲ, ಅದಕ್ಕೆ ಶಹಬ್ಬಾಸ್ ಕೂಡ ಮುಂಗಡವಾಗಿ ಸಿಗುತ್ತದೆ. ಲೆಕ್ಕ ವಾರ ವಾರ ಬರುತ್ತದೆ. ಶಹಬ್ಬಾಸ್ ಬೇಕಾದರೆ ಮೊದಲು ಕೆಲಸ ಆಗಿರಬೇಕು.

2016ರಲ್ಲಿ ಸಂಶೋಧಕರ ಒಂದು ತಂಡ 138 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಅವುಗಳಲ್ಲಿ ಹೆಚ್ಚುಕಡಿಮೆ 20,000 ಜನ ಭಾಗವಹಿಸಿದ್ದರು. ತಮ್ಮ ಕೆಲಸ ಎಲ್ಲಿಗೆ ಬಂತು ಅಂತ ಆಗಾಗ ನೋಡಿಕೊಳ್ಳುವವರು ಗುರಿಯ ಕಡೆ ಹೆಚ್ಚು ಸಾಗಿದ್ದರು. ನೋಡಿಕೊಂಡಿದ್ದನ್ನು ಬರೆದಿಟ್ಟರೆ ಪರಿಣಾಮ ಇನ್ನೂ ಜಾಸ್ತಿ. ಇನ್ನೊಬ್ಬರಿಗೆ ತಿಳಿಸಿದರೂ ಜಾಸ್ತಿ. ಜಮಖಾನದ ಮೇಲಿನ ಆ ಉದ್ದನೆಯ ಪುಸ್ತಕದಲ್ಲಿ ಈ ಮೂರೂ ಇದ್ದವು.

ಯಾರಿಗೆ ಹೇಳಬೇಕು ಎಂಬುದಕ್ಕೂ ಉತ್ತರ ಹುಡುಕಿದ್ದಾರೆ. ಹಾವರ್ಡ್ ಕ್ಲೈನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಮಗಿಂತ ಮೇಲು ಅಂತ ನಾವು ಗೌರವಿಸುವವರ ಮುಂದೆ ಗುರಿ ಹೇಳಿಕೊಂಡಾಗ ಅದಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತೇವೆ. ಅವರ ಕಣ್ಣಲ್ಲಿ ಸಣ್ಣವರಾಗಬಾರದು ಎಂಬ ಕಾಳಜಿ ಕೆಲಸ ಮಾಡುತ್ತದೆ. ನನ್ನ ವಯಸ್ಸಿನ ಗೆಳೆಯನಿಗೆ 'ಇವತ್ತು ಬೇಡ ಕಣೋ' ಅಂತ ಮೆಸೇಜ್ ಹಾಕುವುದು ಸುಲಭ. ಮೂವತ್ತು ವರ್ಷ ಹಾಜರಿ ಕರೆದ ಟೀಚರಿಗೆ ಹಾಕುವುದು ಅಷ್ಟು ಸುಲಭವಲ್ಲ.

## ಜೊತೆಯಲ್ಲೇ ಮಾಡುವುದು

ಲೆಕ್ಕ ಕೇಳುವವರೂ ಅದೇ ಕೆಲಸ ಮಾಡುತ್ತಿದ್ದರೆ ಇನ್ನೊಂದು ಲಾಭ ಸೇರುತ್ತದೆ. 1920ರ ದಶಕದಲ್ಲಿ ಜರ್ಮನಿಯ ಒಟ್ಟೊ ಕೋಲರ್ ಬರ್ಲಿನ್ನಿನ ದೋಣಿ ಹುಟ್ಟು ಹಾಕುವ ಕ್ಲಬ್ಬಿನವರಿಂದ ಭಾರ ಎತ್ತಿಸಿ ನೋಡಿದ್ದ. ಜೋಡಿಯಾಗಿ ಒಂದೇ ಸರಳು ಹಿಡಿದು ಎತ್ತುವಾಗ, ಒಬ್ಬನ ಕೈ ಸೋತರೆ ಇಬ್ಬರದೂ ಮುಗಿದ ಹಾಗೆ. ಆಗ ಶಕ್ತಿ ಕಡಿಮೆ ಇದ್ದವನು ಒಬ್ಬನೇ ಎತ್ತುವುದಕ್ಕಿಂತ ಹೆಚ್ಚು ಹೊತ್ತು ತಡೆದುಕೊಂಡ. ನನ್ನಿಂದ ಇವನದು ಕೆಡಬಾರದು ಎಂಬ ಭಾವ ಅದು. ಇವತ್ತಿಗೂ ಇದನ್ನು 'ಕೋಲರ್ ಪರಿಣಾಮ' ಅಂತಲೇ ಕರೆಯುತ್ತಾರೆ.

ತೂಕ ಇಳಿಸುವವರ ಮೇಲೆ ಅಮೆರಿಕದಲ್ಲಿ ನಡೆದ, 1999ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಹತ್ತಿರದ್ದು. ಒಬ್ಬೊಬ್ಬರೇ ಬಂದು ಸೇರಿ ಮಾಮೂಲಿ ತರಬೇತಿ ಪಡೆದವರಲ್ಲಿ ಶೇ 76 ಜನ ಕೊನೆಯವರೆಗೆ ಉಳಿದರು. ಇಳಿದ ತೂಕ ಆಮೇಲೆ ಸ್ವಲ್ಪವೂ ಮತ್ತೆ ಏರದಂತೆ ನೋಡಿಕೊಂಡವರು ಶೇ 24. ಗೆಳೆಯರ ಜೊತೆ ಸೇರಿ, ಪರಸ್ಪರ ನೆರವಾಗುವ ಅಭ್ಯಾಸವನ್ನೂ ಕಲಿತವರಲ್ಲಿ ಶೇ 95 ಜನ ಉಳಿದರು. ತೂಕ ಮತ್ತೆ ಏರದಂತೆ ನೋಡಿಕೊಂಡವರು ಶೇ 66. ಗೆಳೆಯರನ್ನು ಕರೆತಂದವರು ಮೊದಲೇ ಸ್ವಲ್ಪ ಬೇರೆ ಥರದವರಿರಬಹುದು. ಆದರೂ ಅಂತರ ದೊಡ್ಡದು.

## ಕೇಳುವುದು ಕಾಡುವುದಾದಾಗ

ನೆರೆಯವರ ಕಣ್ಣು ಆಸರೆಯೂ ಹೌದು, ಉರುಳೂ ಆಗಬಹುದು. ಕರ್ನಾಟಕ ಇದನ್ನು ತುಂಬಾ ಹತ್ತಿರದಿಂದ ಕಂಡಿದೆ. ಸಾಲ ವಸೂಲಿಗೆ ಮನೆ ಮುಂದೆ ಜನ ನಿಲ್ಲಿಸುವುದು, ಬೀದಿಯಲ್ಲಿ ಅವಮಾನ ಮಾಡುವುದು, ಗುಂಪಿನವರನ್ನೇ ಒಬ್ಬರ ಮೇಲೆ ಎತ್ತಿಕಟ್ಟುವುದು ಮಿತಿ ಮೀರಿ ಜನ ಊರು ಬಿಟ್ಟು ಹೋದರು, ಜೀವಗಳೂ ಹೋದವು. ಕೊನೆಗೆ ಕಿರುಸಾಲ ವಸೂಲಿಯ ಬಲವಂತ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು.

ಆ ಜಗಲಿಯ ಸಭೆಗೂ ಈ ಕಿರುಕುಳಕ್ಕೂ ಗೆರೆ ಎಲ್ಲಿದೆ? ಸಭೆಯಲ್ಲಿ 'ಮಗನಿಗೆ ಜ್ವರ' ಅಂದಾಗ ಆ ಮಾತಿಗೆ ಜಾಗ ಇತ್ತು. ಬಾಕಿ ಅಂತ ಬರೆದು ಮುಂದೆ ಹೋದರು. ಕಾರಣ ಹೇಳಲು ಜಾಗ ಇಲ್ಲದ ಕಡೆ, ಬಿಟ್ಟು ಹೊರಗೆ ಬರಲು ದಾರಿ ಇಲ್ಲದ ಕಡೆ, ಲೆಕ್ಕ ಎಂಬುದು ಬೆದರಿಕೆಯಾಗುತ್ತದೆ.

ಸಣ್ಣ ಅಳತೆಯಲ್ಲಿ ಇದು ಮನೆಗಳಲ್ಲೂ ಆಗುತ್ತದೆ. ಹೆಂಡತಿ ತಿಂದದ್ದನ್ನು ಗಂಡ ಎಣಿಸಲು ಶುರು ಮಾಡಿದರೆ ಆಕೆ ಕದ್ದು ತಿನ್ನಲು ಶುರು ಮಾಡುತ್ತಾಳೆ. ಮಗನ ಅಂಕವನ್ನು ಅಪ್ಪ ನೆಂಟರೆದುರು ಓದಿದರೆ ಮಗ ಅಂಕಪಟ್ಟಿ ಬಚ್ಚಿಡುತ್ತಾನೆ. ನಾಚಿಕೆ ಮನುಷ್ಯನನ್ನು ಕೆಲಸಕ್ಕೆ ತಳ್ಳುವುದಕ್ಕಿಂತ ಮುಚ್ಚಿಡುವುದಕ್ಕೆ ಬೇಗ ತಳ್ಳುತ್ತದೆ. ಸುಳ್ಳು ಬಂದ ಮೇಲೆ ಲೆಕ್ಕ ಉಳಿಯುವುದಿಲ್ಲ. ಅದಕ್ಕೇ, ನಮ್ಮ ಸೋಲಿನಿಂದ ತಮ್ಮ ಮರ್ಯಾದೆ ಹೋಯಿತು ಅಂದುಕೊಳ್ಳುವಷ್ಟು ಹತ್ತಿರದವರನ್ನು ಆರಿಸದೆ ಇರುವುದು ಒಳ್ಳೆಯದು. ಖಿನ್ನತೆಯಂಥ ಕಾಯಿಲೆ ಇದ್ದಾಗ, ಕುಡಿತದ ಚಟ ಆಳಕ್ಕೆ ಇಳಿದಿದ್ದಾಗ ಗೇಟಿನ ಬಳಿಯ ಗೆಳೆಯರಷ್ಟೇ ಸಾಲುವುದಿಲ್ಲ. ಡಾಕ್ಟರ ಚಿಕಿತ್ಸೆ ಮೊದಲು ಬೇಕು.

## ಶುರು ಮಾಡುವುದಾದರೆ

ಮಾತು ಸಣ್ಣದಾಗಿರಲಿ. 'ನಾನು ಚೆನ್ನಾಗಿ ಓದಬೇಕು, ಸ್ವಲ್ಪ ನೋಡಿಕೋ' ಅಂದರೆ ಕೇಳುವವರಿಗೆ ಏನು ಕೇಳಬೇಕು ಅಂತಲೇ ಗೊತ್ತಾಗುವುದಿಲ್ಲ. ಹೀಗೆ ಹೇಳಿ ನೋಡಿ: 'ದಿನಾ ರಾತ್ರಿ ಎರಡು ಗಂಟೆ ಓದ್ತೀನಿ. ಪ್ರತಿ ಭಾನುವಾರ ಸಂಜೆ 7ಕ್ಕೆ ಏಳು ದಿನದಲ್ಲಿ ಎಷ್ಟು ದಿನ ಓದಿದೆ ಅಂತ ಒಂದು ನಂಬರ್ ಕಳಿಸ್ತೀನಿ. ಬರದಿದ್ದರೆ ಫೋನ್ ಮಾಡಿ ಕೇಳು. ಬೈಬೇಡ, ಸಮಾಧಾನವೂ ಮಾಡಬೇಡ. ಯಾಕೆ ಅಂತ ಮಾತ್ರ ಕೇಳು. ಎರಡು ತಿಂಗಳು ಸಾಕು.' ಇದರಲ್ಲಿ ಕೆಲಸ, ಮನುಷ್ಯ, ಹೊತ್ತು, ಕೊನೆಯ ದಿನ ಎಲ್ಲ ಬಂತು. ಕೇಳುವವರ ತಲೆಯ ಮೇಲೂ ಭಾರ ಬೀಳಲಿಲ್ಲ.

ಲೆಕ್ಕ ಕೊಡಬೇಕಾದ್ದು ಮಾಡಿದ ಕೆಲಸಕ್ಕೆ, ಬಂದ ಫಲಕ್ಕಲ್ಲ. ತೂಕದ ಯಂತ್ರ ಎಷ್ಟು ತೋರಿಸಿತು ಎಂಬುದು ನಮ್ಮ ಕೈಯಲ್ಲಿಲ್ಲ. ಎಷ್ಟು ದಿನ ನಡೆದೆವು ಎಂಬುದು ಇದೆ.

ಒಂದು ವಾರ ತಪ್ಪಿದರೆ ಆ ವಾರದ ನಂಬರನ್ನೂ ಕಳಿಸಿ. ಸೊನ್ನೆ ಆದರೂ ಸರಿ. ಹೆಚ್ಚಿನ ಜೋಡಿಗಳು ಮುರಿಯುವುದು ಆ ಸೊನ್ನೆಯನ್ನು ಕಳಿಸದ ವಾರದಲ್ಲಿ. ಮೊದಲು ಮೆಸೇಜ್ ತಡವಾಗುತ್ತದೆ, ಆಮೇಲೆ ಎದುರು ಸಿಕ್ಕರೆ ಮುಜುಗರವಾಗುತ್ತದೆ, ಆಮೇಲೆ ದಾರಿ ಬದಲಿಸಿ ಹೋಗುತ್ತೇವೆ.

ಲೆಕ್ಕ ಕೇಳುವವರು ಊರಿನಲ್ಲೇ ಇರಬೇಕಾ ಅಂತ ಹಲವರು ಕೇಳುತ್ತಾರೆ. ಜೂನ್‌ನಲ್ಲಿ ಟೀಚರಮ್ಮ ಆರು ತಿಂಗಳಿಗೆ ಅಮೆರಿಕದ ಮಗಳ ಮನೆಗೆ ಹೊರಟಾಗ ನನಗೂ ಇದೇ ದಿಗಿಲಾಗಿತ್ತು. ಹೊರಡುವ ಹಿಂದಿನ ದಿನ ಅವರು ಟಾರ್ಚನ್ನು ನನ್ನ ಕೈಗೆ ಕೊಟ್ಟು, 'ದಿನಾ ಗೇಟಿನ ಫೋಟೋ ಹಾಕಿ' ಅಂದರು. ನಾನು ಬೆಳಗ್ಗೆ 5:45ಕ್ಕೆ ಹಾಕುತ್ತೇನೆ. ಅವರಿಗೆ ಆಗ ಹಿಂದಿನ ದಿನದ ಸಂಜೆ. ಮಗಳ ಮನೆ ಮುಂದಿನ ರಸ್ತೆಯ ಫೋಟೋ ತಿರುಗಿ ಬರುತ್ತದೆ, ಕೆಲವು ದಿನ ಅವರ ಶೂ ಕೂಡ ಅದರಲ್ಲಿ ಕಾಣುತ್ತದೆ. ಮೊನ್ನೆ ಮಳೆ ಅಂತ ನಾನು ಹಾಕಿರಲಿಲ್ಲ. ಆರು ಗಂಟೆಗೆ ಫೋನ್ ಬಂತು. 'ಮಳೆ ನಿಂತ್ತಾ?' ಅಂದರು. ನಿಂತಿತ್ತು.